ವಸಿ ಎಡಕ್ಕೆ, ವಸಿ ಮೇಲಕ್ಕೆ: ಪಟದ ಸಾಲಿನ ಲೆಕ್ಕ

ಆಯುಧಪೂಜೆಗೆ ಒಂದೆರಡು ದಿನ ಇರುವಾಗ ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಸೀಮೆಯ ಮನೆಗಳಲ್ಲಿ ಗೋಡೆಗಳು ಬೋಳಾಗುತ್ತವೆ. ಮೊಳೆಯಿಂದ ಇಳಿದ ಪಟಗಳು ಜಗಲಿಯ ಮೇಲೆ ಸಾಲಾಗಿ ಒರಗುತ್ತವೆ. ಒದ್ದೆ ಬಟ್ಟೆಯಲ್ಲಿ ವರ್ಷದ ಧೂಳು ಕಳೆದುಕೊಂಡು, ಗಾಜಿನ ಮೇಲೆ ಹೊಸದಾಗಿ ಕುಂಕುಮ ಇಡಿಸಿಕೊಂಡು ಸಂಜೆಗೆ ಮತ್ತೆ ಗೋಡೆ ಏರುತ್ತವೆ. ಅಸಲಿ ಕೆಲಸ ಶುರುವಾಗುವುದು ಆಮೇಲೆ. ಸ್ಟೂಲಿನ ಮೇಲೆ ಒಬ್ಬ, ಬಾಗಿಲ ಬಳಿ ನಿಂತು ಕಣ್ಣಳತೆ ಹೇಳುವವರು ನಾಲ್ಕು ಜನ. ‘ಬಲಗಡೀಕೆ ವಸಿ ಎತ್ತು ಕಣ್ಲಾ’ ಎನ್ನುತ್ತಾರೆ ಒಬ್ಬರು. ‘ಈಗ ಎಡಗಡೆ ಇಳೀತು’ ಎನ್ನುತ್ತಾರೆ ಇನ್ನೊಬ್ಬರು. ಅರ್ಧ ಗಂಟೆ ಕಳೆದರೂ ಸಾಲು ನೆಟ್ಟಗಾಗುವುದಿಲ್ಲ. ಕೊನೆಗೆ ಯಾರೋ ‘ಇರ್ಲಿ ಬುಡು’ ಅಂದಾಗ ಅಲ್ಲಿಗೆ ಕೆಲಸ ನಿಲ್ಲುತ್ತದೆ.

ಆ ಸಾಲಿನಲ್ಲಿ ಇರುವವರನ್ನು ನೋಡಿದರೆ ಊರಿನ ಚರಿತ್ರೆಯೇ ಸಿಕ್ಕುತ್ತದೆ. ಮನೆದೇವರು ಮೊದಲು. ಅದರ ಮಗ್ಗುಲಲ್ಲಿ ವೈರಮುಡಿ ಧರಿಸಿದ ಮೇಲುಕೋಟೆಯ ಚೆಲುವರಾಯಸ್ವಾಮಿ. ಮೇಲುಕೋಟೆ ಇರುವುದು ಇದೇ ಪಾಂಡವಪುರ ತಾಲ್ಲೂಕಿನಲ್ಲಿ. ಪಕ್ಕದ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿ ಅನೇಕ ಮನೆಗಳಲ್ಲಿ ಇದ್ದಾರೆ. ಅವರ ಜೊತೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಪೇಟ ಧರಿಸಿದ ಸರ್ ಎಂ. ವಿಶ್ವೇಶ್ವರಯ್ಯ. ಮಂಡ್ಯದ ರೈತನ ಮನೆಯಲ್ಲಿ ಒಬ್ಬ ಅರಸರಿಗೂ ಒಬ್ಬ ಎಂಜಿನಿಯರಿಗೂ ದೇವರ ಪಟದ ಪಕ್ಕ ಜಾಗ ಸಿಕ್ಕಿದ್ದು ಕನ್ನಂಬಾಡಿ ಅಣೆಕಟ್ಟೆಯಿಂದ. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಆ ಕಟ್ಟೆಯ ನೀರೇ ಇಲ್ಲಿನ ಭತ್ತ, ಕಬ್ಬು ಎರಡಕ್ಕೂ ಆಧಾರ. ರೈತಸಂಘದವರ ಮನೆಯಾದರೆ ಹಸಿರು ಶಾಲಿನ ಕೆ. ಎಸ್. ಪುಟ್ಟಣ್ಣಯ್ಯನವರೂ ಇರುತ್ತಾರೆ, ಸಿನಿಮಾ ಹುಚ್ಚಿನ ಮನೆಯಾದರೆ ರಾಜ್‌ಕುಮಾರ್ ಇಲ್ಲವೇ ಅಂಬರೀಶ್. ಅವರಾದ ಮೇಲೆ ತೀರಿಕೊಂಡ ಅಜ್ಜ ಅಜ್ಜಿ, ಮದುವೆಯ ಜೋಡಿ, ಹೈಸ್ಕೂಲಿನ ಗ್ರೂಪ್ ಫೋಟೋ. ಇಷ್ಟೂ ಜನ ಒಂದೇ ಗೋಡೆಯ ಮೇಲೆ, ಒಂದೇ ಅಳತೆಯಲ್ಲಿಲ್ಲದ ಕಟ್ಟುಗಳಲ್ಲಿ. ಸಾಲು ಸೊಟ್ಟಗಾಗುವುದರಲ್ಲಿ ಆಶ್ಚರ್ಯವಿಲ್ಲ.

ಪಟಕ್ಕೆ ಗಾಜು ಹಾಕಿಸಿ, ಕಟ್ಟು ಹಾಕಿಸಿ ಮೊಳೆಗೆ ನೇತುಹಾಕುವ ವಾಡಿಕೆ ಜನಸಾಮಾನ್ಯರ ಮನೆಗೆ ಬಂದು ಬಹಳ ಕಾಲವೇನೂ ಆಗಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದ ಮೇಲೆ ಲಕ್ಷ್ಮಿ ಸರಸ್ವತಿಯರು ಅಗ್ಗದ ಬಣ್ಣದ ಹಾಳೆಗಳಾಗಿ ಊರೂರಿಗೆ ಹೊರಟರು. ಅದಕ್ಕೂ ಮೊದಲು ಗೋಡೆಗೆ ಚಿತ್ರ ಬೇಕೆಂದರೆ ಗೋಡೆಯ ಮೇಲೆಯೇ ಬರೆಯಬೇಕಿತ್ತು.

ಅದರ ಬಲು ದೊಡ್ಡ ಉದಾಹರಣೆ ಹತ್ತಿರದಲ್ಲೇ ಇದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬೇಸಿಗೆ ಅರಮನೆಯ ಹೊರಗೋಡೆಗಳೆಲ್ಲ ಚಿತ್ರಮಯ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನ ತುಂಬಿಕೊಂಡಿದೆ. ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಮುತ್ತಿದ ದೃಶ್ಯ ಅದು. ಪೂರ್ವದ ಗೋಡೆಯ ಕಡೆ ತಿರುಗಿದರೆ ರಚನೆ ಬೇರೆಯೇ. ಅಲ್ಲಿ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ತಂಜಾವೂರಿನ ರಾಜ ಮೊದಲಾದ ಅರಸರ ದರ್ಬಾರುಗಳು ಅಡ್ಡಸಾಲು ಉದ್ದಸಾಲುಗಳ ಚೌಕಗಳಲ್ಲಿ ಕುಳಿತಿವೆ. ಇಂದಿನ ನಡುಮನೆಯ ಪಟದ ಗೋಡೆಗೆ ಅದೇ ಹಿರಿಯಣ್ಣ ಎನ್ನಬಹುದು. ವ್ಯತ್ಯಾಸ ಇಷ್ಟೇ: ಅಲ್ಲಿ ಚೌಕಟ್ಟನ್ನೂ ಬಣ್ಣದಲ್ಲೇ ಬರೆದಿದ್ದಾರೆ. ಅದು ಎರಡು ಶತಮಾನ ದಾಟಿದರೂ ವಾಲುವುದಿಲ್ಲ. ಬಣ್ಣ ಮಾಸಿ ಮತ್ತೆ ಬರೆಸಬೇಕಾಗಿ ಬಂದಿದೆ, ನಿಜ. ಆದರೆ ಗೆರೆಗಳು ಕದಲಿಲ್ಲ.

ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಇನ್ನೊಂದು ಬಗೆಯ ಸಾಲಿದೆ. ನಾಲ್ವಡಿಯವರ ಕಾಲದ ದಸರಾ ಮೆರವಣಿಗೆಯನ್ನು ಛಾಯಾಚಿತ್ರಗಳ ಆಧಾರದ ಮೇಲೆ 26 ಫಲಕಗಳಲ್ಲಿ ಬರೆಯಲಾಗಿದೆ. ಆನೆ, ಕುದುರೆ, ಜನಜಂಗುಳಿ ಒಂದು ಫಲಕದಿಂದ ಇನ್ನೊಂದಕ್ಕೆ ನಡೆದು ಹೋದಂತೆ ಕಾಣಬೇಕಾದರೆ ಎಲ್ಲ ಫಲಕಗಳ ಮಟ್ಟವೂ ಒಂದೇ ಇರಬೇಕು. ಒಂದೇ ಒಂದು ಫಲಕ ಎರಡು ಇಂಚು ಇಳಿದಿದ್ದರೂ ಮೆರವಣಿಗೆ ಹಳ್ಳಕ್ಕೆ ಬೀಳುತ್ತಿತ್ತು.

ಹಾಗಾದರೆ ಮನೆಯ ಪಟ ವಾಲುವುದೇಕೆ? ಮುಖ್ಯ ಕಾರಣ ಒಂದೇ ಮೊಳೆ. ಕಟ್ಟಿನ ಹಿಂಭಾಗದಲ್ಲಿ ಎರಡು ಕೊಂಡಿ, ಅವುಗಳ ನಡುವೆ ಒಂದು ದಾರ, ದಾರಕ್ಕೆ ಒಂದು ಮೊಳೆ. ಮೊಳೆಯ ಮೇಲೆ ದಾರ ಅತ್ತಿತ್ತ ಜಾರಬಲ್ಲದು. ಪಟದ ಭಾರ ಸರಿಯಾಗಿ ನಡುವಿನಲ್ಲಿ ಇರುವುದೂ ಅಪರೂಪ. ಮರದ ಕಟ್ಟಿನ ಒಂದು ಮಗ್ಗುಲು ಸ್ವಲ್ಪ ದಪ್ಪವಿರುತ್ತದೆ, ಅಥವಾ ಹಿಂದಿನ ರಟ್ಟು ಒಂದು ಕಡೆ ತೇವ ಕುಡಿದಿರುತ್ತದೆ. ಬಾಗಿಲು ಜೋರಾಗಿ ಬಡಿದಾಗ, ಪೊರಕೆಯ ತುದಿ ತಗುಲಿದಾಗ, ಬೀದಿಯಲ್ಲಿ ಕಬ್ಬಿನ ಲಾರಿ ಹೋದಾಗ ದಾರ ಕೂದಲೆಳೆಯಷ್ಟು ಸರಿಯುತ್ತದೆ. ಸರಿದದ್ದು ಹಿಂದಕ್ಕೆ ಬರುವುದಿಲ್ಲ. ಮತ್ತೆ ಸರಿಯುತ್ತದೆ. ಎರಡು ತಿಂಗಳಲ್ಲಿ ಅಜ್ಜನ ಫೋಟೋ ಒಂದು ಭುಜ ಇಳಿಸಿ ನಿಂತಿರುತ್ತದೆ.

ಪಾಂಡವಪುರ ತಾಲ್ಲೂಕಿನಲ್ಲಿ ಗೋಡೆ ನಡುಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬೇಬಿ ಬೆಟ್ಟದ ಕಲ್ಲುಗಣಿಗಳ ಸ್ಫೋಟದ ಬಗ್ಗೆ ವರ್ಷಗಟ್ಟಲೆ ವಾದವಿವಾದ ನಡೆದು, ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡವೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿತು. ಆ ವಾದ ನಡೆದದ್ದು ಅಣೆಕಟ್ಟೆಯ ಸುರಕ್ಷತೆಗಾಗಿ, ಪಟಗಳಿಗಾಗಿ ಅಲ್ಲ. ಆದರೆ ನೆಲ ಸ್ವಲ್ಪ ಅದುರಿದರೂ ಮೊದಲು ಕದಲುವುದು ಒಂದೇ ಮೊಳೆಗೆ ಜೋತುಬಿದ್ದ ವಸ್ತುವೇ.

ಇದಕ್ಕೆ ಮದ್ದು ಬಹಳ ಸುಲಭ, ಆದರೂ ಬಹಳ ಜನ ಮಾಡುವುದಿಲ್ಲ: ಒಂದು ಪಟಕ್ಕೆ ಎರಡು ಮೊಳೆ. ಒಂದೂವರೆ ಅಡಿ ಅಗಲದ ಕಟ್ಟಾದರೆ ಎರಡು ಮೊಳೆಗಳ ನಡುವೆ ಆರರಿಂದ ಎಂಟು ಇಂಚು ಅಂತರವಿರಲಿ. ದಾರ ಎರಡು ಕಡೆ ಊರಿಕೊಂಡರೆ ಪಟ ತಿರುಗಲು ಜಾಗವಿರುವುದಿಲ್ಲ. ಜೊತೆಗೆ ಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ರಬ್ಬರಿನ ಚಿಕ್ಕ ತುಣುಕು ಅಂಟಿಸಿದರೆ ಅದು ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಹಳೆಯ ಸೈಕಲ್ ಟ್ಯೂಬಿನ ಚೂರಾದರೂ ನಡೆಯುತ್ತದೆ. ಎರಡು ಮೊಳೆಯೂ ಒಂದೇ ಮಟ್ಟದಲ್ಲಿ ಇರಬೇಕು ಎಂಬುದು ಮಾತ್ರ ಕಟ್ಟುನಿಟ್ಟು. ಕಷ್ಟ ಇರುವುದು ಅಲ್ಲೇ.

ಮಟ್ಟ ಎಂದರೆ ಯಾವುದರ ಮಟ್ಟ?

ಬಹಳ ಜನ ಟೇಪು ಹಿಡಿದು ನೆಲದಿಂದ ಅಳೆಯುತ್ತಾರೆ. ಐದು ಅಡಿ ಇಲ್ಲಿ, ಐದು ಅಡಿ ಅಲ್ಲಿ, ಎರಡೂ ಕಡೆ ಗುರುತು. ಲೆಕ್ಕ ಸರಿ, ಸಾಲು ಸೊಟ್ಟ. ಯಾಕೆಂದರೆ ನೆಲವೇ ಮಟ್ಟದಲ್ಲಿ ಇರುವುದಿಲ್ಲ. ತೊಟ್ಟಿಮನೆಗಳಲ್ಲಿ ಪಡಸಾಲೆಯ ನೆಲವನ್ನು ತೊಟ್ಟಿಯ ಕಡೆಗೆ ಬೇಕೆಂದೇ ಇಳಿಜಾರು ಮಾಡಿರುತ್ತಾರೆ, ತೊಳೆದ ನೀರು ಹರಿದು ಹೋಗಲಿ ಎಂದು. ಹೊಸ ಆರ್‌ಸಿಸಿ ಮನೆಗಳಲ್ಲೂ ಟೈಲ್ಸ್ ಹಾಕುವಾಗ ಬಾಗಿಲ ಕಡೆಗೆ ಒಂಚೂರು ವಾಟ ಕೊಡುವುದುಂಟು. ಹನ್ನೆರಡು ಅಡಿ ಉದ್ದದ ಗೋಡೆಯಲ್ಲಿ ನೆಲ ಒಂದು ಇಂಚು ಇಳಿದಿದ್ದರೆ ನೆಲದಿಂದ ಅಳೆದ ಪಟದ ಸಾಲೂ ಒಂದು ಇಂಚು ಇಳಿಯುತ್ತದೆ. ಮೇಲಿನಿಂದ ಅಳೆಯೋಣವೆಂದರೆ ಹಳೆಯ ಮನೆಯ ತೊಲೆ ಭಾರಕ್ಕೆ ನಡುವಿನಲ್ಲಿ ಬಾಗಿರುತ್ತದೆ.

ಹಾಗಾಗಿ ಗಾರೆ ಕೆಲಸದವರು ನೆಲವನ್ನೂ ನಂಬುವುದಿಲ್ಲ, ತೊಲೆಯನ್ನೂ ನಂಬುವುದಿಲ್ಲ. ಅವರು ನಂಬುವುದು ನೀರನ್ನು. ಬೆರಳು ಗಾತ್ರದ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡು ತುದಿಗಳನ್ನು ಗೋಡೆಯ ಎರಡು ಕೊನೆಗೆ ಹಿಡಿಯುತ್ತಾರೆ. ಪೈಪು ನಡುವೆ ಹೇಗೆ ಬೇಕಾದರೂ ಸುತ್ತಿಕೊಂಡಿರಲಿ, ಮೂಲೆ ತಿರುಗಿರಲಿ, ಎರಡು ತುದಿಗಳಲ್ಲೂ ನೀರು ನಿಲ್ಲುವುದು ಒಂದೇ ಎತ್ತರದಲ್ಲಿ. ಅಲ್ಲಲ್ಲಿ ಪೆನ್ಸಿಲ್ ಗುರುತು ಹಾಕಿದರೆ ಮಟ್ಟ ಸಿಕ್ಕಿತು. ಒಂದೆರಡು ಎಚ್ಚರ ಬೇಕು. ಪೈಪಿನೊಳಗೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡಿದ್ದರೆ ಮಟ್ಟ ತಪ್ಪುತ್ತದೆ. ಎರಡು ತುದಿಯ ಬಾಯಿಯೂ ತೆರೆದಿರಬೇಕು. ನೀರಿನ ಮೇಲ್ಮೈ ಪೈಪಿನ ಗೋಡೆಗೆ ಅಂಟಿ ಬಟ್ಟಲಿನ ಹಾಗೆ ತಗ್ಗಾಗಿ ಕಾಣುತ್ತದಲ್ಲ, ಎರಡೂ ಕಡೆ ಅದರ ತಳವನ್ನೇ ಗುರುತು ಹಾಕಬೇಕು.

ಕನ್ನಂಬಾಡಿಯಲ್ಲಿ ನಡೆಯುವುದೂ ಇದೇ ಸೂತ್ರ. ಹಿನ್ನೀರು ಕೃಷ್ಣರಾಜಪೇಟೆಯ ಕಡೆಗೂ ಪಾಂಡವಪುರದ ಕಡೆಗೂ ಮೈಲಿಗಟ್ಟಲೆ ಚಾಚಿಕೊಂಡಿದ್ದರೂ ಕಟ್ಟೆಯ ಬಳಿ ಒಂದೇ ಕಡೆ ಅಳತೆ ನೋಡಿ ‘124.80 ಅಡಿ, ಕಟ್ಟೆ ತುಂಬಿತು’ ಎಂದು ಹೇಳಲು ಸಾಧ್ಯವಾಗುವುದು ನಿಂತ ನೀರು ಎಲ್ಲೆಡೆ ಒಂದೇ ಮಟ್ಟಕ್ಕೆ ಬರುವುದರಿಂದ. ದಿನಾ ಬೆಳಗ್ಗೆ ಪತ್ರಿಕೆಯಲ್ಲಿ ಆ ಅಂಕಿ ನೋಡುವ ಮಂಡ್ಯದವರಿಗೆ ಪೈಪಿನ ಮಟ್ಟವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ನಾಲ್ಕೈದು ಅಡಿ ಸಾಲಿಗೆ ಇಷ್ಟೆಲ್ಲ ಬೇಡ, ರಸಮಟ್ಟ (ಸ್ಪಿರಿಟ್ ಲೆವೆಲ್) ಸಾಕು. ಅದರೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ಮಟ್ಟ. ಆದರೆ ಕೆಳಗೆ ಬಿದ್ದು ಏಟು ತಿಂದ ರಸಮಟ್ಟ ಸುಳ್ಳು ಹೇಳುತ್ತದೆ. ಪರೀಕ್ಷೆ ಸುಲಭ. ಒಮ್ಮೆ ಇಟ್ಟು ನೋಡಿ, ಅದೇ ಜಾಗದಲ್ಲಿ ತುದಿ ಮೊದಲು ತಿರುಗಿಸಿ ಮತ್ತೆ ಇಡಬೇಕು. ಎರಡು ಸಲವೂ ಗುಳ್ಳೆ ಒಂದೇ ಕಡೆ ನಿಂತರೆ ಅದನ್ನು ನಂಬಬಹುದು. ಈಗ ಮೊಬೈಲಿನಲ್ಲೇ ಮಟ್ಟ ತೋರಿಸುವ ಆ್ಯಪ್‌ಗಳಿವೆ. ಫೋನಿನೊಳಗಿನ ಸಂವೇದಕ ಗುರುತ್ವದ ದಿಕ್ಕು ಹಿಡಿದು ಲೆಕ್ಕ ಹೇಳುತ್ತದೆ. ಫೋನಿನ ಕವರು ಉಬ್ಬಿದ್ದರೆ, ಅಂಚಿನ ಗುಂಡಿ ಚಾಚಿಕೊಂಡಿದ್ದರೆ ಅದೂ ತಪ್ಪುತ್ತದೆ. ಕವರು ತೆಗೆದು, ಗುಂಡಿ ಇಲ್ಲದ ಅಂಚನ್ನು ಕಟ್ಟಿನ ಮೇಲೆ ಇಟ್ಟು ನೋಡುವುದು ಲೇಸು.

ಅಷ್ಟಾದರೂ ಬಾಗಿಲ ಬಳಿ ನಿಂತವರ ತಕರಾರು ಮುಗಿಯುವುದಿಲ್ಲ. ಅವರನ್ನು ಸುಮ್ಮನೆ ಬೈಯುವಂತಿಲ್ಲ. ಮನುಷ್ಯನ ಕಣ್ಣು ಓರೆಯನ್ನು ಹಿಡಿಯುವುದರಲ್ಲಿ ಬಹಳ ಚುರುಕು. ಒಂದು ಡಿಗ್ರಿಯಷ್ಟು ವಾಲಿದರೂ ಬಹಳ ಜನಕ್ಕೆ ಗೊತ್ತಾಗುತ್ತದೆ. ಎರಡು ಅಡಿ ಅಗಲದ ಪಟದಲ್ಲಿ ಒಂದು ಡಿಗ್ರಿ ಎಂದರೆ ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಇಂಚಿಗೂ ಕಡಿಮೆ ಇಳಿದಂತೆ. ಆದರೆ ಕಣ್ಣು ಗುರುತ್ವವನ್ನು ಅಳೆಯುವುದಿಲ್ಲ, ಪಕ್ಕದ ಗೆರೆಗೆ ಹೋಲಿಸುತ್ತದೆ. ಪಟದ ಮೇಲೆ ಒಂದು ಗೇಣು ದೂರದಲ್ಲಿ ಬಾಗಿದ ತೊಲೆ ಇದ್ದರೆ, ಪೂರ್ತಿ ಮಟ್ಟದಲ್ಲಿರುವ ಪಟವೇ ಸೊಟ್ಟಗೆ ಕಾಣುತ್ತದೆ. ಆಗ ಏನು ಮಾಡಬೇಕು? ರಸಮಟ್ಟಕ್ಕೆ ನಿಷ್ಠರಾಗಿರುವುದು ಶಾಸ್ತ್ರ. ಆದರೆ ಪಟವನ್ನು ನೋಡುವುದು ಮನೆಯವರು, ರಸಮಟ್ಟವಲ್ಲ. ತೊಲೆಯಿಂದ ಸಾಲನ್ನು ಒಂದೂವರೆ ಅಡಿಯಾದರೂ ಕೆಳಗೆ ತಂದರೆ ಎರಡು ಗೆರೆಗಳ ಜಗಳ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಜಾಗವಿಲ್ಲದಿದ್ದರೆ ತೊಲೆಯ ಓರೆಗೂ ನೀರಿನ ಮಟ್ಟಕ್ಕೂ ನಡುವೆ ರಾಜಿ ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಮಟ್ಟದ ಎರಡು ಗುರುತು ಸಿಕ್ಕ ಮೇಲೆ ಅವುಗಳ ನಡುವೆ ದಾರ ಬಿಗಿಯಬೇಕು. ಮರಗೆಲಸದವರ ಹಾಗೆ ಬಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ ಮೂಡುತ್ತದೆ. ಸುಣ್ಣದ ಗೋಡೆಗೆ ನೀಲಿ, ಬಣ್ಣದ ಗೋಡೆಗೆ ಸೀಮೆಸುಣ್ಣದ ಪುಡಿ. ಒಣಬಟ್ಟೆಯಲ್ಲಿ ಒರೆಸಿದರೆ ಎರಡೂ ಬಹುಮಟ್ಟಿಗೆ ಹೋಗುತ್ತವೆ. ಎಣ್ಣೆಯ ಪೆನ್ಸಿಲ್, ಬಾಲ್‌ಪೆನ್ ಮಾತ್ರ ಬೇಡ.

ಇನ್ನು ಮೊಳೆ ಹೊಡೆಯುವ ಜಾಗ. ನೂರಕ್ಕೆ ತೊಂಬತ್ತು ತಪ್ಪು ಆಗುವುದು ಇಲ್ಲೇ ಎಂದು ಯಾವ ಫ್ರೇಮ್ ಅಂಗಡಿಯವರನ್ನು ಕೇಳಿದರೂ ಹೇಳಿಯಾರು. ಪಟದ ತುದಿ ಎಲ್ಲಿ ಬರಬೇಕೋ ಅಲ್ಲಿಗೆ ಮೊಳೆ ಹೊಡೆದರೆ ಪಟ ಕೆಳಗೆ ಇಳಿದಿರುತ್ತದೆ. ದಾರವನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದು, ಕಟ್ಟಿನ ಮೇಲಂಚಿನಿಂದ ದಾರದ ತುದಿಯವರೆಗೆ ಎಷ್ಟು ಇಂಚು ಎಂದು ಮೊದಲು ಅಳೆಯಬೇಕು. ಉದಾಹರಣೆಗೆ, ಹದಿನೆಂಟು ಇಂಚು ಎತ್ತರದ ಪಟದ ನಡುಭಾಗ ನೆಲದಿಂದ ಅರವತ್ತು ಇಂಚಿಗೆ ಬರಬೇಕು. ಅಂದರೆ ಮೇಲಂಚು ಅರವತ್ತೊಂಬತ್ತಕ್ಕೆ. ಎಳೆದ ದಾರ ಮೇಲಂಚಿನಿಂದ ಮೂರು ಇಂಚು ಕೆಳಗೆ ನಿಲ್ಲುತ್ತದೆ ಎಂದರೆ ಮೊಳೆ ಅರವತ್ತಾರನೆಯ ಇಂಚಿಗೆ. ಒಂದೇ ಅಳತೆಯ ಐದು ಪಟಗಳಾದರೂ ಐದಕ್ಕೂ ಈ ದಾರದ ಅಳತೆ ಬೇರೆ ಬೇರೆ ಇರುತ್ತದೆ, ಯಾಕೆಂದರೆ ಕಟ್ಟಿದವನ ಕೈ ಬಿಗಿತ ಬೇರೆ ಬೇರೆ. ಪ್ರತಿ ಪಟದ ಹಿಂದೆ ಆ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ತಲೆನೋವು ತಪ್ಪುತ್ತದೆ. ಎರಡು ಮೊಳೆ ಹೊಡೆಯುವುದಾದರೆ ದಾರವನ್ನೂ ಅಷ್ಟೇ ಅಂತರದ ಎರಡು ಬೆರಳಲ್ಲಿ ಎತ್ತಿ ಹಿಡಿದು ಅಳೆಯಬೇಕು. ಒಂದು ಬೆರಳಿನ ಲೆಕ್ಕ ಎರಡು ಮೊಳೆಗೆ ಹೊಂದುವುದಿಲ್ಲ.

ಮೇಲೆ ಕೆಳಗಿನ ಲೆಕ್ಕ ಮುಗಿದರೆ ಎಡ ಬಲದ ಲೆಕ್ಕ. ಹನ್ನೆರಡು ಅಡಿ ಗೋಡೆ, ಅಂದರೆ 144 ಇಂಚು. ಒಂದೊಂದು ಅಡಿ ಅಗಲದ ಐದು ಪಟ. ಪಟಗಳಿಗೆ 60 ಇಂಚು ಹೋದರೆ ಉಳಿದದ್ದು 84. ಐದು ಪಟಗಳ ನಡುವೆ ನಾಲ್ಕು ಸಂದು, ಎರಡು ತುದಿಯಲ್ಲಿ ಎರಡು, ಒಟ್ಟು ಆರು. ಒಂದೊಂದಕ್ಕೆ 14 ಇಂಚು. ಲೆಕ್ಕಕ್ಕೆ ಇದು ಸರಿಯಾದರೂ ಕಣ್ಣಿಗೆ ಪಟಗಳು ಒಂದಕ್ಕೊಂದು ಮಾತು ಬಿಟ್ಟವರಂತೆ ಕಾಣುತ್ತವೆ. ಒಂದು ಕುಟುಂಬದವರನ್ನು ಹತ್ತಿರ ಕೂರಿಸುವುದೇ ಚೆನ್ನ. ಸಂದು ಮೂರೇ ಇಂಚು ಇಟ್ಟರೆ ಐದು ಪಟಗಳ ಗುಂಪು 72 ಇಂಚು ಆಗುತ್ತದೆ, ಎರಡು ಕಡೆ 36 ಇಂಚು ಖಾಲಿ ಉಳಿಯುತ್ತದೆ. ಆಗ ಪಟಗಳ ನಡುಗೆರೆ ಎಡಮೂಲೆಯಿಂದ 42, 57, 72, 87, 102ನೆಯ ಇಂಚುಗಳಲ್ಲಿ ಬೀಳುತ್ತದೆ.

ಈ ಐದನ್ನೂ ಒಂದೇ ಮೂಲೆಯಿಂದ, ಟೇಪನ್ನು ಕದಲಿಸದೆ ಗುರುತು ಹಾಕಬೇಕು. ಮೊದಲ ಪಟ ಹಾಕಿ, ಅದರಿಂದ ಮೂರು ಇಂಚು ಅಳೆದು ಎರಡನೆಯದು, ಅದರಿಂದ ಮೂರನೆಯದು ಎಂದು ಹೋದರೆ ಪ್ರತಿ ಸಲದ ಕಾಲಿಂಚು ತಪ್ಪು ಕೂಡುತ್ತಾ ಹೋಗಿ ಐದನೆಯ ಪಟ ಒಂದು ಇಂಚು ಆಚೆಗೆ ಹೋಗಿರುತ್ತದೆ.

ಅಳತೆ ಬೇರೆ ಬೇರೆ ಇರುವ ಪಟಗಳನ್ನು ಜೋಡಿಸುವುದು ಇದಕ್ಕಿಂತ ಬೇರೆ ವಿದ್ಯೆ. ಮೇಲಂಚು ಒಂದೇ ಗೆರೆಗೆ ಬರುವಂತೆ ಮಾಡಬಹುದು, ಕೆಳಂಚು ಒಂದೇ ಗೆರೆಗೆ ತರಬಹುದು, ಅಥವಾ ಎಲ್ಲದರ ನಡುಭಾಗ ಒಂದೇ ಗೆರೆಯ ಮೇಲೆ ಕೂರಬಹುದು. ಬಾಗಿಲ ಮೇಲಿನ ಸಾಲಿಗೆ ಕೆಳಂಚು ಒಂದಾಗಿರುವುದು ಚೆಂದ, ಯಾಕೆಂದರೆ ಬಾಗಿಲುವಾಡದ ಗೆರೆ ಪಕ್ಕದಲ್ಲೇ ಇದೆ. ಖಾಲಿ ಗೋಡೆಗೆ ನಡುಗೆರೆ. ನಡುಮನೆಯ ದೊಡ್ಡ ದೇವರ ಪಟ ನಡುವೆ, ಚಿಕ್ಕವು ಎರಡು ಬದಿಗೆ ಎಂಬ ಹಳೆಯ ಪದ್ಧತಿಯೂ ನಡುಗೆರೆಯ ಲೆಕ್ಕವೇ. ಹಾಗೆಂದು ಎಲ್ಲವನ್ನೂ ಕನ್ನಡಿ ಹಿಡಿದಂತೆ ಎರಡೂ ಕಡೆ ಸಮ ಮಾಡಲು ಹೋಗಬಾರದು. ಅತ್ತೆ ಮಾವನ ಪಟಕ್ಕೆ ಹೊಂದಲೆಂದು ಅಜ್ಜಿಯ ಏಕೈಕ ಫೋಟೋವನ್ನು ಕತ್ತರಿಸಿ ಚಿಕ್ಕ ಕಟ್ಟಿಗೆ ತುರುಕಿದ ಮನೆಗಳಿವೆ. ಅದು ಅಂದವೂ ಅಲ್ಲ, ನ್ಯಾಯವೂ ಅಲ್ಲ.

ಗೋಡೆಗೆ ಕೈ ಹಾಕುವ ಮೊದಲು ಪಟಗಳನ್ನೆಲ್ಲ ಚಾಪೆಯ ಮೇಲೆ ಹರಡಿ ಜೋಡಿಸಿ ನೋಡುವುದು ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು ಹಳೆಯ ದಿನಪತ್ರಿಕೆ. ಪ್ರತಿ ಪಟವನ್ನು ಹಾಳೆಯ ಮೇಲೆ ಇಟ್ಟು ಅದೇ ಅಳತೆಗೆ ಕತ್ತರಿಸಿ, ಮೊಳೆಯ ಜಾಗವನ್ನು ಹಾಳೆಯಲ್ಲೇ ಗುರುತಿಸಿ, ಗೋಡೆಗೆ ಸೆಲೋಟೇಪಿನಲ್ಲಿ ಅಂಟಿಸಬೇಕು. ಎರಡು ದಿನ ಹಾಗೇ ಬಿಟ್ಟು ಬರುವವರು ಹೋಗುವವರೆಲ್ಲ ನೋಡಿ ತಕರಾರು ಮುಗಿಸಿದ ಮೇಲೆ, ಹಾಳೆಯ ಮೇಲಿನ ಗುರುತಿಗೇ ಮೊಳೆ ಹೊಡೆದು ಹಾಳೆ ಹರಿದು ತೆಗೆದರಾಯಿತು. ಒಂದು ಮೊಳೆಯೂ ವ್ಯರ್ಥವಾಗುವುದಿಲ್ಲ, ಗೋಡೆ ಜರಡಿಯಾಗುವುದೂ ಇಲ್ಲ.

ಎಷ್ಟು ಎತ್ತರಕ್ಕೆ? ವಸ್ತುಸಂಗ್ರಹಾಲಯಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಇರಬೇಕೆಂಬುದು ರೂಢಿ. ನಿಂತು ನೋಡುವವರ ಕಣ್ಣಿನ ಮಟ್ಟ ಅದು. ನಮ್ಮ ಹಳ್ಳಿಮನೆಗಳ ಪಟ ಏಳು ಅಡಿಯ ಆಚೆ, ಬಾಗಿಲಿನ ಮೇಲೆ ಇರುವುದನ್ನು ಕಂಡು ಪಟ್ಟಣದ ಒಳಾಂಗಣ ವಿನ್ಯಾಸಕರು ಮೂಗು ಮುರಿಯುತ್ತಾರೆ. ಅವರು ಮರೆತಿರುವ ಸಂಗತಿಗಳಿವೆ. ದೇವರೂ ಹಿರಿಯರೂ ತಲೆಯ ಮೇಲಿರಬೇಕು ಎಂಬ ಭಾವನೆ ಒಂದು. ಗೋಡೆಯ ಕೆಳಭಾಗ ಮೂಟೆ ಒರಗಿಸಲು, ಜನ ಬೆನ್ನು ಕೊಟ್ಟು ಕೂರಲು ಬೇಕು ಎಂಬುದು ಇನ್ನೊಂದು. ಎತ್ತರದ ತೊಂದರೆಗೆ ಹಿಂದಿನವರೇ ಉಪಾಯ ಕಂಡುಕೊಂಡಿದ್ದರು. ಪಟದ ಕೆಳಂಚನ್ನು ಎರಡು ಮೊಳೆಗಳ ಮೇಲೆ ಕೂರಿಸಿ, ಮೇಲಂಚನ್ನು ದಾರದಿಂದ ಎಳೆದು ಕಟ್ಟಿ ಮುಂದಕ್ಕೆ ಬಾಗಿಸುತ್ತಿದ್ದರು. ನೆಲದಲ್ಲಿ ಕೂತವರಿಗೂ ಮುಖ ನೇರ ಕಾಣುತ್ತಿತ್ತು. ತೊಟ್ಟಿಯಿಂದ ಬರುವ ಬೆಳಕು ಗಾಜಿಗೆ ಬಡಿದು ಕಣ್ಣಿಗೆ ಕುಕ್ಕುತ್ತಿರಲಿಲ್ಲ. ಕೆಳಗೆ ಎರಡು ಮೊಳೆಯ ಆಸರೆ ಇದ್ದುದರಿಂದ ಪಟ ಎಡಬಲಕ್ಕೆ ವಾಲುತ್ತಲೂ ಇರಲಿಲ್ಲ. ಹಿಂದಿನ ಓರೆ ಸಂದಿನಲ್ಲಿ ಗುಬ್ಬಚ್ಚಿ ಸಂಸಾರ ಹೂಡುತ್ತಿತ್ತು. ಮರಿ ಹಾರಿಹೋಗುವ ತನಕ ಆ ಪಟವನ್ನು ಇಳಿಸದ ಮನೆಗಳು ಎಷ್ಟೋ.

ಮೊಳೆ ನಿಲ್ಲುವುದು ಗೋಡೆಯ ಜಾತಿಯ ಮೇಲೆ. ಮಣ್ಣಿನ ಗೋಡೆಗೆ ನೇರ ಹೊಡೆದರೆ ಉದುರುತ್ತದೆ. ಮೊದಲು ಮರದ ಗೂಟ ಬಡಿದು ಗೂಟಕ್ಕೆ ಮೊಳೆ ಹೊಡೆಯಬೇಕು. ಪಾಂಡವಪುರ ಕಡೆ ಸೈಜುಗಲ್ಲಿನ ಗೋಡೆಗಳು ಬೇಕಾದಷ್ಟು. ಅಲ್ಲಿ ಕಲ್ಲಿಗೆ ಹೊಡೆದು ಮೊಳೆ ಬಗ್ಗಿಸುವ ಬದಲು ಕಲ್ಲಿನ ನಡುವಿನ ಗಾರೆಯ ಸಂದಿಗೆ ಹೊಡೆಯಬೇಕು, ಇಲ್ಲವೇ ಡ್ರಿಲ್ ತರಿಸಬೇಕು. ಸಿಮೆಂಟಿನ ಟೊಳ್ಳು ಬ್ಲಾಕಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿಯುವುದೇ ದಾರಿ. ಡ್ರಿಲ್ ಹಿಡಿದವರು ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೈ ಇಡಬಾರದು. ಗೋಡೆಯೊಳಗೆ ವೈರು ಸಾಮಾನ್ಯವಾಗಿ ಹಾಗೇ ಹೋಗಿರುತ್ತದೆ. ಮೊಳೆಯೇ ಬೇಡ ಎನ್ನುವ ಅಂಟುಪಟ್ಟಿಗಳು ಸುಣ್ಣದ ಗೋಡೆಗೆ ಉಪಯೋಗವಿಲ್ಲ. ಅವು ಗೋಡೆಯನ್ನು ಹಿಡಿಯುವುದಿಲ್ಲ, ಸುಣ್ಣದ ಪುಡಿಯನ್ನು ಹಿಡಿಯುತ್ತವೆ.

ಅಮೆರಿಕಕ್ಕೆ ಹೋದ ಮಗ ಸೊಸೆ ಊರಿನಿಂದ ತೇಗದ ಕಟ್ಟಿನ ಮೈಸೂರು ಶೈಲಿಯ ಚಿತ್ರ ಒಯ್ದರೆ ಅಲ್ಲಿ ಬೇರೆಯೇ ತೊಡಕು. ಆ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆ. ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ. ಭಾರದ ಪಟ ನಿಲ್ಲಬೇಕಾದರೆ ಕಂಬಕ್ಕೇ ಸ್ಕ್ರೂ ಬೀಳಬೇಕು. ಹಾಗಾಗಿ ಅಲ್ಲಿ ಪಟದ ಸಂದನ್ನು ತೀರ್ಮಾನಿಸುವವನು ಮನೆ ಕಟ್ಟಿದ ಬಡಗಿ.

ಭಾರದ ಮಾತು ಬಂದಾಗ ಗಾಜನ್ನು ಮರೆಯುವಂತಿಲ್ಲ. ಮೂರು ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ ಏಳೂವರೆ ಕಿಲೋ ತೂಗುತ್ತದೆ. 20 ಇಂಚಿಗೆ 30 ಇಂಚಿನ ದೇವರ ಪಟದಲ್ಲಿ ಬರೀ ಗಾಜೇ ಮೂರು ಕಿಲೋ ಹತ್ತಿರ. ದಾರವನ್ನು ಬಿಗಿಯಾಗಿ, ಅಡ್ಡಗೆರೆಯ ಹಾಗೆ ಕಟ್ಟಿದರೆ ಪಟ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಆಗುವುದು ಉಲ್ಟಾ. ಐದು ಕಿಲೋ ಪಟದ ದಾರ ಅಡ್ಡಗೆರೆಗೆ 60 ಡಿಗ್ರಿ ಕಡಿದಾಗಿದ್ದರೆ ದಾರದ ಒಂದೊಂದು ಪಕ್ಕದ ಮೇಲೆ ಸುಮಾರು ಮೂರು ಕಿಲೋ ಎಳೆತ ಬೀಳುತ್ತದೆ. ಅದೇ 15 ಡಿಗ್ರಿಯಷ್ಟು ಚಪ್ಪಟೆಯಾದರೆ ಎಳೆತ ಸುಮಾರು ಒಂಬತ್ತೂವರೆ ಕಿಲೋ, ಮೂರು ಪಟ್ಟಿಗೂ ಹೆಚ್ಚು. ಕೊಂಡಿಗಳು ಕಿತ್ತು ಬರುವುದು, ಹಳೆಯ ಕಟ್ಟಿನ ಮೂಲೆ ಬಿಚ್ಚಿಕೊಳ್ಳುವುದು ಇದರಿಂದಲೇ.

ಶಾಲೆ, ಕಚೇರಿಗಳ ಕಥೆ ಮನೆಗಿಂತ ಕಷ್ಟ, ಯಾಕೆಂದರೆ ಅಲ್ಲಿ ಸಾಲಿಗೆ ಹೊಸಬರು ಸೇರುತ್ತಿರುತ್ತಾರೆ. ರಾಜ್ಯ ಸಚಿವ ಸಂಪುಟ 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು, ಅವರ ಭಾವಚಿತ್ರ ಸರ್ಕಾರಿ ಕಚೇರಿಗಳಲ್ಲಿ ಇರಬೇಕೆಂದು ಸರ್ಕಾರದ ಆದೇಶವೂ ಆಯಿತು. ಗಾಂಧಿ, ಅಂಬೇಡ್ಕರ್ ಮೊದಲಾದವರ ಸಾಲು ಮೊದಲೇ ಇದ್ದ ಕಡೆ ಹೀಗೆ ಒಂದು ಪಟ ಸೇರಿದರೆ ಏನಾಗುತ್ತದೆ? ಹತ್ತು ಅಡಿ ಗೋಡೆಯಲ್ಲಿ 15 ಇಂಚು ಅಗಲದ ನಾಲ್ಕು ಪಟ ಇದ್ದರೆ ಸಂದು 12 ಇಂಚು. ಐದಾದರೆ ಏಳೂವರೆ. ಮೊದಲು 19.5, 46.5, 73.5, 100.5ನೆಯ ಇಂಚುಗಳಲ್ಲಿದ್ದ ನಡುಗೆರೆಗಳು ಈಗ 15, 37.5, 60, 82.5, 105ಕ್ಕೆ ಬರಬೇಕು. ಹಳೆಯ ಒಂದು ಮೊಳೆಯೂ ಹೊಸ ಜಾಗಕ್ಕೆ ಹೊಂದುವುದಿಲ್ಲ. ಎಲ್ಲವನ್ನೂ ಕಿತ್ತು ಹೊಡೆಯುವ ಸಹನೆ ಯಾರಿಗಿದೆ? ಹೊಸ ಪಟ ಸಾಲಿನ ಕೊನೆಗೆ, ಒಂದು ಗೇಣು ಕೆಳಗೆ, ಗಡಿಯಾರದ ಮಗ್ಗುಲಲ್ಲಿ ಸೇರಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಕಲಾ ಗ್ಯಾಲರಿಗಳಲ್ಲಿ ಮಾಡುವ ಹಾಗೆ ಗೋಡೆಯ ಉದ್ದಕ್ಕೂ ಒಂದು ಪಟ್ಟಿ. ಮರದ ರೀಪನ್ನು ಒಮ್ಮೆ ಮಟ್ಟ ನೋಡಿ ಬಿಗಿದುಬಿಟ್ಟರೆ ಅದರ ಮೇಲೆ ಕೊಕ್ಕೆಗಳನ್ನು ಎಷ್ಟು ಬೇಕಾದರೂ ಸರಿಸಬಹುದು. ಮಟ್ಟ ತಪ್ಪುವ ಪ್ರಶ್ನೆಯೇ ಇಲ್ಲ, ಗೋಡೆಗೆ ಹೊಸ ತೂತೂ ಇಲ್ಲ.

ಹೊರಗಿನ ಪುಸ್ತಕಗಳಲ್ಲಿ ಎಲ್ಲೂ ಸಿಗದ ಇನ್ನೊಂದು ಲೆಕ್ಕ ಹಾರದ್ದು. ತೀರಿಕೊಂಡವರ ಪಟಕ್ಕೆ ಗಂಧದ ಚಕ್ಕೆಯ ಹಾರ, ದೇವರಿಗೆ ಹೂವಿನ ಹಾರ, ಹಬ್ಬಕ್ಕೆ ಸೀರಿಯಲ್ ಸೆಟ್. ಹಾರವನ್ನು ಕಟ್ಟಿನ ಮೂಲೆಗಳಿಗೇ ಸಿಕ್ಕಿಸಿದರೆ ಒಂದು ಕಡೆ ತುಸು ಉದ್ದವಾದರೂ ಸಾಕು, ಪಟ ಆ ಕಡೆಗೆ ವಾಲುತ್ತದೆ. ಹಾರದ ಭಾರವನ್ನು ಪಟದ ಮೇಲೆ ಹೊರಿಸದೆ, ಕಟ್ಟಿನ ಎರಡು ಬದಿಗೆ ಒಂದೊಂದು ಇಂಚು ಆಚೆ, ಮೇಲಂಚಿಗಿಂತ ಸ್ವಲ್ಪ ಮೇಲೆ ಎರಡು ಸಣ್ಣ ಮೊಳೆ ಹೊಡೆದು ಅವುಗಳಿಗೆ ಹಾಕುವುದು ಜಾಣತನ. ಅದಕ್ಕಾಗಿ ಪಟಗಳ ನಡುವಿನ ಸಂದು ಮೂರು ಇಂಚಲ್ಲ, ಐದಾರು ಇಂಚು ಇರಬೇಕಾಗುತ್ತದೆ. ಸಾಲಿನ ಲೆಕ್ಕವನ್ನು ಮೊದಲೇ ಹಾರ ಸೇರಿಸಿ ಹಾಕಬೇಕು, ಆಮೇಲಲ್ಲ.

ಗೋಡೆಯ ಆಯ್ಕೆಯಲ್ಲೂ ಕೊಂಚ ಯೋಚನೆ ಬೇಕು. ಬಚ್ಚಲುಮನೆಗೆ ಒತ್ತಿದ ಗೋಡೆಯಲ್ಲಿ ತೇವ ಹಿಂದಿನಿಂದ ಏರಿ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದ್ದನ್ನು ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಫೋಟೋಗೂ ಗಾಜಿಗೂ ನಡುವೆ ರಟ್ಟಿನ ಅಂಚು ಇಡಿಸಿದರೆ ಆ ಭಯ ಬಹಳ ಕಡಿಮೆ. ಬಿಸಿಲು ನೇರ ಬೀಳುವ ಗೋಡೆಯಲ್ಲಿ ಬಣ್ಣದ ಫೋಟೋ ಹತ್ತಿಪ್ಪತ್ತು ವರ್ಷದಲ್ಲಿ ಮಾಸುತ್ತದೆ, ಅದರ ಪಕ್ಕದ ಅಜ್ಜನ ಕಪ್ಪುಬಿಳುಪು ಫೋಟೋ ಅಷ್ಟು ಬೇಗ ಮಾಸುವುದಿಲ್ಲ. ಕೆಳಮೂಲೆಯ ರಬ್ಬರ್ ತುಣುಕುಗಳು ಪಟವನ್ನು ಗೋಡೆಯಿಂದ ಸ್ವಲ್ಪ ದೂರ ಇಡುವುದರಿಂದ ಹಿಂದೆ ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ವರ್ಷಕ್ಕೊಮ್ಮೆ ಹಬ್ಬಕ್ಕೆ ಪಟ ಇಳಿಸಿದಾಗ ಒರೆಸಿ ಕುಂಕುಮ ಇಡುವುದರ ಜೊತೆಗೆ ಇನ್ನೂ ಎರಡು ಕೆಲಸ ಆಗಬೇಕು. ಮೊಳೆಗೆ ತಗುಲುವ ಜಾಗದಲ್ಲಿ ದಾರ ಸವೆದಿದೆಯೇ ಎಂದು ನೋಡುವುದು ಒಂದು. ಹತ್ತಿಯ ದಾರ, ಸೆಣಬಿನ ಹುರಿ ಅಲ್ಲೇ ತುಂಡಾಗುತ್ತವೆ, ಪ್ಲಾಸ್ಟಿಕ್ ಹೊದಿಸಿದ ತೆಳು ತಂತಿ ಬಹಳ ಬಾಳುತ್ತದೆ. ಇನ್ನೊಂದು, ಇಳಿಸುತ್ತಿದ್ದಂತೆಯೇ ಪ್ರತಿ ಪಟದ ಹಿಂದೆ ಎಡದಿಂದ ಒಂದು, ಎರಡು, ಮೂರು ಎಂದು ಸೀಮೆಸುಣ್ಣದಲ್ಲಿ ಬರೆದು, ಅದೇ ಅಂಕಿಯನ್ನು ಮೊಳೆಯ ಕೆಳಗೆ ಗೋಡೆಯ ಮೇಲೂ ಪೆನ್ಸಿಲ್ಲಿನಲ್ಲಿ ಗೀಚುವುದು. ದಾರದ ಅಳತೆ ಪಟಕ್ಕೊಂದು ಇರುವುದರಿಂದ ಮೂರನೆಯ ಪಟ ನಾಲ್ಕನೆಯ ಮೊಳೆಗೆ ಹೋದರೆ ಹೋದ ವರ್ಷ ಹಾಕಿದ ಲೆಕ್ಕವೆಲ್ಲ ಕೆಡುತ್ತದೆ.